ಸಾರ್ವಜನಿಕ ಅಸಭ್ಯತೆ: ನ್ಯೂಯಾರ್ಕ್ ಕಾನೂನಿನ ಅಳತೆಗೋಲು

2015ರ ಬೇಸಿಗೆಯಲ್ಲಿ ಮ್ಯಾನ್‌ಹಟನ್ನಿನ ಟೈಮ್ಸ್ ಸ್ಕ್ವೇರ್‌ನಲ್ಲಿ, ಎದೆಗೆ ಬಣ್ಣವನ್ನಷ್ಟೇ ಬಳಿದುಕೊಂಡ ಮಹಿಳೆಯರು ಪ್ರವಾಸಿಗರೊಡನೆ ಚಿತ್ರ ತೆಗೆಸಿಕೊಂಡು ಹಣ ಪಡೆಯುತ್ತಿದ್ದರು. ಇದನ್ನು ನಿಲ್ಲಿಸಬೇಕೆಂಬ ಕೂಗು ಎದ್ದರೂ, ಎದೆ ತೆರೆದಿದೆ ಎಂಬ ಒಂದೇ ಕಾರಣಕ್ಕೆ ಅವರನ್ನು ಬಂಧಿಸುವಂತಿರಲಿಲ್ಲ. 2016ರಲ್ಲಿ ನಗರಾಡಳಿತವು ಇಂತಹ ಚಟುವಟಿಕೆಗೆ ನಿರ್ದಿಷ್ಟ ವಲಯಗಳನ್ನು ಗುರುತಿಸಿತು. ಬೆತ್ತಲೆಯನ್ನೇ ಅಪರಾಧವೆಂದು ಭಾವಿಸುವವರಿಗೆ ಇದು ಸೋಜಿಗವೆನಿಸಬಹುದು.

ನ್ಯೂಯಾರ್ಕ್ ರಾಜ್ಯದ ದಂಡ ಸಂಹಿತೆಯು ಈ ವಿಷಯವನ್ನು ಎರಡು ಕಲಂಗಳಲ್ಲಿ ಬೇರ್ಪಡಿಸಿದೆ. ಸಾರ್ವಜನಿಕ ಸ್ಥಳದಲ್ಲಿ ಗುಪ್ತಾಂಗಗಳು ಕಾಣುವಂತೆ ಇರುವುದು ಕಲಂ 245.01ರ ಪ್ರಕಾರ ಕೇವಲ ನಿಯಮೋಲ್ಲಂಘನೆ. ಗರಿಷ್ಠ ಶಿಕ್ಷೆ 15 ದಿನಗಳ ಸೆರೆ. ಶಿಶುವಿಗೆ ಹಾಲೂಡಿಸುವುದಕ್ಕೂ ರಂಗಪ್ರದರ್ಶನಕ್ಕೂ ಇದು ಅನ್ವಯಿಸದು. ಬೇಕೆಂದೇ, ಕಾಮಪ್ರೇರಿತ ರೀತಿಯಲ್ಲಿ ಅಂಗಪ್ರದರ್ಶನ ಮಾಡುವುದು ಕಲಂ 245.00ರ ವ್ಯಾಪ್ತಿಗೆ ಬರುತ್ತದೆ. ಅದು ಅಪರಾಧವೇ, ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಖಾಸಗಿ ಆವರಣದೊಳಗೆ ಇದ್ದರೂ, ಹೊರಗಿನವರಿಗೆ ಸುಲಭವಾಗಿ ಕಾಣುವಂತಹ ಸ್ಥಿತಿಯಲ್ಲಿ, ಅವರು ಕಾಣಲೆಂಬ ಉದ್ದೇಶದಿಂದಲೇ ಹಾಗೆ ವರ್ತಿಸಿದರೆ ಅದೇ ಕಲಂ ಅನ್ವಯಿಸುತ್ತದೆ.

ಹಾಗಾದರೆ ಸಾರ್ವಜನಿಕ ಸ್ಥಳ ಯಾವುದು? ಬೀದಿಯಲ್ಲಿ ನಿಲ್ಲಿಸಿದ ಕಾರಿನ ಒಳಭಾಗವು ತನ್ನಷ್ಟಕ್ಕೆ ಸಾರ್ವಜನಿಕ ಸ್ಥಳವಾಗದು ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯವು 1991ರ ಮೆಕ್‌ನಮಾರ ಪ್ರಕರಣದಲ್ಲಿ ತೀರ್ಪಿತ್ತಿತು. ದಾರಿಹೋಕರ ಕಣ್ಣಿಗೆ ಆ ಕೃತ್ಯ ಬೀಳುವ ಸಂಭವವಿತ್ತೆಂಬುದು ಸಾಬೀತಾಗಬೇಕು. ಮರುವರ್ಷ ಅದೇ ನ್ಯಾಯಾಲಯವು ಸಾಂಟೊರೆಲ್ಲಿ ಪ್ರಕರಣವನ್ನು ನಿರ್ಣಯಿಸಿತು. ರಾಚೆಸ್ಟರಿನ ಉದ್ಯಾನವೊಂದರಲ್ಲಿ ಮೇಲುಡುಪಿಲ್ಲದೆ ಕುಳಿತಿದ್ದ ಮಹಿಳೆಯರಿಗೆ ಕಲಂ 245.01ನ್ನು ಅನ್ವಯಿಸಿದ್ದು ಸಲ್ಲದು ಎಂಬುದು ತೀರ್ಪು: ಅವರ ನಡೆಯಲ್ಲಿ ವಾಣಿಜ್ಯವೂ ಕಾಮಪ್ರೇರಣೆಯೂ ಇರಲಿಲ್ಲ. ಗಂಡಸಿಗೆ ಇಲ್ಲದ ನಿರ್ಬಂಧ ಹೆಂಗಸಿಗೇಕೆ ಎಂಬ ಸಮಾನತೆಯ ಪ್ರಶ್ನೆಯನ್ನು ಬಹುಮತದ ತೀರ್ಪು ಬದಿಗಿರಿಸಿತು. ಸಹಮತದ ಪ್ರತ್ಯೇಕ ತೀರ್ಪು ಅದನ್ನು ನೇರವಾಗಿ ಎತ್ತಿಕೊಂಡಿತು. 2013ರಲ್ಲಿ ನಗರದ ಪೊಲೀಸರಿಗೂ, ಎದೆ ತೆರೆದಿರುವುದಷ್ಟಕ್ಕೇ ಮಹಿಳೆಯರನ್ನು ಬಂಧಿಸಕೂಡದೆಂಬ ಸೂಚನೆ ಹೋಯಿತು.

ನಮ್ಮ ನಾಡಿನ ಕಾನೂನು ಬೇರೊಂದು ಅಳತೆಗೋಲನ್ನು ಹಿಡಿಯುತ್ತದೆ. ಭಾರತೀಯ ದಂಡ ಸಂಹಿತೆಯ 294ನೇ ಕಲಂ, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ, ಸಾರ್ವಜನಿಕ ಸ್ಥಳದ ಅಶ್ಲೀಲ ಕೃತ್ಯವು ಇತರರಿಗೆ ಕಿರಿಕಿರಿ ಉಂಟುಮಾಡಿರಬೇಕೆಂದು ವಿಧಿಸುತ್ತದೆ. ಗರಿಷ್ಠ ಸೆರೆವಾಸ ಅಲ್ಲಿಯೂ ಮೂರೇ ತಿಂಗಳು. ನ್ಯೂಯಾರ್ಕಿನ 245.00 ಮಾಡಿದವನ ಮನಸ್ಸನ್ನು ಶೋಧಿಸಿದರೆ, ಭಾರತದ ಕಲಂ ನೋಡಿದವನ ಮನಸ್ಸನ್ನು ಕೇಳುತ್ತದೆ.

ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇಲ್ಲಿ ನೆಲೆಸಿರುವವರಿಗೆ ಈ ಸೂಕ್ಷ್ಮ ವ್ಯತ್ಯಾಸ ಬದುಕಿನ ಪ್ರಶ್ನೆಯೂ ಆಗಬಹುದು. ಕ್ಯಾಲಿಫೋರ್ನಿಯಾದ ಕಾನೂನಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ವಲಸೆ ಮೇಲ್ಮನವಿ ಮಂಡಳಿಯು 2013ರಲ್ಲಿ, ಅಂಗಪ್ರದರ್ಶನದ ಅಪರಾಧಕ್ಕೆ ಕಾಮಪ್ರೇರಿತ ಉದ್ದೇಶವು ಅಗತ್ಯ ಅಂಶವಾಗಿದ್ದರೆ ಮಾತ್ರ ಅದು ನೈತಿಕ ಅಧಃಪತನದ ಅಪರಾಧವಾಗುತ್ತದೆ ಎಂದಿತು. ಅಂತಹ ಅಪರಾಧ ಗಡೀಪಾರಿಗೂ ದಾರಿಯಾಗಬಲ್ಲದು. ತಪ್ಪೊಪ್ಪಿಗೆಯಿಂದ ಒದಗಬಹುದಾದ ಗಡೀಪಾರಿನ ಅಪಾಯವನ್ನು ವಕೀಲರು ಕಕ್ಷಿದಾರನಿಗೆ ತಿಳಿಸಲೇಬೇಕೆಂದು 2010ರ ಪಡಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಆದುದರಿಂದ ಸಣ್ಣ ದಂಡವೆಂದು ಬಗೆದು ಒಪ್ಪಿಕೊಳ್ಳುವ ಮುನ್ನ, ಆರೋಪಪಟ್ಟಿಯಲ್ಲಿರುವುದು ಯಾವ ಕಲಂ ಎಂದು ನೋಡುವುದು ಅವಶ್ಯ.