ಕಡತ ಮುಚ್ಚುವ ಮುನ್ನ ಫಿರ್ಯಾದಿಯ ಮಾತು

ಫಿರ್ಯಾದಿ ಎಂಬುದು ನಮ್ಮ ಕೋರ್ಟು ಕಚೇರಿಗಳಲ್ಲಿ ದಿನನಿತ್ಯ ಕೇಳಿಬರುವ ಪದ. ಪಾರ್ಸಿಯ ‘ಫರಿಯಾದ್’ ಇದರ ಮೂಲ. ನ್ಯಾಯಕ್ಕಾಗಿ ಮೊರೆಯಿಡುವುದು ಎಂದು ಅರ್ಥ. ಆದರೆ ಬ್ರಿಟಿಷರು ರೂಪಿಸಿದ ಕ್ರಿಮಿನಲ್ ವ್ಯವಸ್ಥೆಯಲ್ಲಿ ಠಾಣೆಯಲ್ಲಿ ದೂರು ದಾಖಲಾದ ಮೇಲೆ ಮೊಕದ್ದಮೆ ಸರಕಾರದ್ದಾಯಿತು. ನೊಂದವರು ಬಹುಮಟ್ಟಿಗೆ ಸಾಕ್ಷಿಗಳಾಗಿ ಉಳಿದರು.

ಠಾಣೆಗೆ ಬಂದ ಮಾಹಿತಿಯನ್ನು ಬರೆದುಕೊಳ್ಳಬೇಕೆಂಬ ನಿಯಮ 1861ರ ಸಂಹಿತೆಯಲ್ಲೇ ಇತ್ತು. 1973ರ ಸಂಹಿತೆ ಎಫ್‌ಐಆರ್ ಪ್ರತಿಯನ್ನು ಫಿರ್ಯಾದಿಗೆ ಉಚಿತವಾಗಿ ಕೊಡಬೇಕೆಂದಿತು. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅಂಚೆಯಲ್ಲಿ ಎಸ್ಪಿಗೆ ಕಳಿಸಬಹುದಿತ್ತು. ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡುವ ದಾರಿಯೂ ಇತ್ತು. ಆದರೆ ಸಾಕ್ಷ್ಯವಿಲ್ಲವೆಂದು ಪೊಲೀಸರು ಕಡತ ಮುಚ್ಚಲು ಹೊರಟರೆ, ಅಂದರೆ ಕರ್ನಾಟಕದಲ್ಲಿ ನಾವು ‘ಬಿ ರಿಪೋರ್ಟ್’ ಎನ್ನುವುದನ್ನು ಸಲ್ಲಿಸಿದರೆ, ಫಿರ್ಯಾದಿಯ ಮಾತು ಕೇಳಬೇಕೆಂದು ಕಾನೂನು ಸ್ಪಷ್ಟವಾಗಿ ಹೇಳಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಭಗವಂತ್ ಸಿಂಗ್ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪು. ಸುಟ್ಟಗಾಯಗಳಿಂದ ಸತ್ತ ಮಗಳಿಗಾಗಿ ತಂದೆ ನಡೆಸಿದ ಹೋರಾಟ ಅದು. ಪ್ರಕರಣ ಕೈಬಿಡುವ ಮುನ್ನ ಮ್ಯಾಜಿಸ್ಟ್ರೇಟರು ಫಿರ್ಯಾದಿಗೆ ನೋಟೀಸು ಕೊಟ್ಟು ಆತನ ವಾದ ಕೇಳಲೇಬೇಕೆಂದು ನ್ಯಾಯಾಲಯ ಹೇಳಿತು. ಇಂದಿನ ತಕರಾರು ಅರ್ಜಿಗೆ ಬಲ ಬಂದದ್ದು ಇದರಿಂದ.

ಈ ಹಂತ ಎಷ್ಟು ನಿರ್ಣಾಯಕವೆಂಬುದನ್ನು ಗುಜರಾತಿನ ಬಿಲ್ಕಿಸ್ ಬಾನು ಪ್ರಕರಣ ತೋರಿಸಿತು. 2002ರ ಮಾರ್ಚಿನಲ್ಲಿ ದಾಖಲಾದ ಎಫ್‌ಐಆರ್‌ನಲ್ಲಿ ಅತ್ಯಾಚಾರದ ಪ್ರಸ್ತಾಪವಿರಲಿಲ್ಲ, ಆರೋಪಿಗಳ ಹೆಸರೂ ಇರಲಿಲ್ಲ. 2003ರ ಮಾರ್ಚಿನಲ್ಲಿ ಸ್ಥಳೀಯ ನ್ಯಾಯಾಲಯ ಪೊಲೀಸರ ಮುಕ್ತಾಯ ವರದಿಯನ್ನು ಒಪ್ಪಿತು. ಆಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ನೆರವಿನಿಂದ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅದೇ ಡಿಸೆಂಬರಿನಲ್ಲಿ ತನಿಖೆ ಸಿಬಿಐಗೆ ಹೋಯಿತು. 2008ರಲ್ಲಿ ಮುಂಬಯಿ ನ್ಯಾಯಾಲಯ ಹನ್ನೊಂದು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2022ರಲ್ಲಿ ಸರಕಾರ ಅವರನ್ನು ಅವಧಿಗೆ ಮುನ್ನವೇ ಬಿಡುಗಡೆ ಮಾಡಿತಾದರೂ, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಆಕೆಯದು ಒಂಟಿ ಪ್ರಕರಣವಲ್ಲ. 2002ರ ಗಲಭೆಗೆ ಸಂಬಂಧಿಸಿ ಮುಚ್ಚಿಹೋಗಿದ್ದ ಎರಡು ಸಾವಿರಕ್ಕೂ ಹೆಚ್ಚು ಕಡತಗಳನ್ನು ಮರುಪರಿಶೀಲಿಸುವಂತೆ 2004ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಬೇಕಾಯಿತು.

ಆನಂತರ ಬಾಗಿಲು ಇನ್ನಷ್ಟು ತೆರೆಯಿತು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿತು. ಲಖೀಂಪುರ್ ಖೇರಿ ಪ್ರಕರಣದ 2022ರ ತೀರ್ಪು ತನಿಖೆಯ ಹಂತದಿಂದಲೇ ಸಂತ್ರಸ್ತರಿಗೆ ಭಾಗವಹಿಸುವ ಹಕ್ಕಿದೆ ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಯಾವ ಠಾಣೆಯಲ್ಲೂ ದೂರು ಕೊಡಬಹುದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಪೊಲೀಸರು ತಿಳಿಸಬೇಕು. ಆದರೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್ಪಿಯ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅದೇ ಸಂಹಿತೆ ಅವಕಾಶ ಕೊಟ್ಟಿದೆ. ಬಡವರು ಠಾಣೆಯಿಂದ ಬರಿಗೈಯಲ್ಲಿ ಮರಳಲು ಇಷ್ಟು ಸಾಕು.

ನ್ಯಾಯದ ಹಣೆಬರಹ ಎಷ್ಟೋ ಸಲ ವಿಚಾರಣೆಗೆ ಮೊದಲೇ ಠಾಣೆಯಲ್ಲಿ ಬರೆಯಲ್ಪಡುತ್ತದೆ. ಎಫ್‌ಐಆರ್ ಪ್ರತಿ ಕೇಳಿ ಪಡೆಯುವುದು, ಬಿ ರಿಪೋರ್ಟಿನ ನೋಟೀಸು ಬಂದಾಗ ಸುಮ್ಮನಿರದೆ ತಕರಾರು ಸಲ್ಲಿಸುವುದು ನೊಂದವರ ಕೈಯಲ್ಲೇ ಇದೆ. ಇದನ್ನು ಅವರಿಗೆ ತಿಳಿಹೇಳುವ ಹೊಣೆ ಓದುಬರಹ ಬಲ್ಲ ನಮ್ಮೆಲ್ಲರದು.