ಬಿಳಿ ಹೂಕೋಸು ಕೆಂಪಾದ ಕಥೆ

ಪುತ್ತೂರಿನ ಸೋಮವಾರದ ಸಂತೆಯಲ್ಲಿ ತರಕಾರಿಗೆ ಎರಡು ಜಾತಿ. ಒಂದು ಊರ ತರಕಾರಿ, ಇನ್ನೊಂದು ಘಟ್ಟದ ತರಕಾರಿ. ಅಲಸಂಡೆ, ತೊಂಡೆ, ಬಸಳೆ, ಮುಳ್ಳುಸೌತೆ ಊರಿನವು. ಕ್ಯಾರೆಟ್, ಬೀಟ್‌ರೂಟ್, ಕೋಸು ಘಟ್ಟದವು. ಹೂಕೋಸು ಎರಡನೆಯ ಗುಂಪಿನದ್ದು. ಪುತ್ತೂರು, ಸುಳ್ಯ, ಕಡಬದಲ್ಲಿ ಈಗ ಅದು ಸಿಗದ ಪೇಟೆಯೇ ಇಲ್ಲ. ಆದರೆ ಅದನ್ನು ಬೆಳೆಯುವ ಗದ್ದೆ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಕಾರಣ ಸರಳ. ಹೂಕೋಸು ಚಳಿಯ ಬೆಳೆ. ಯುರೋಪಿನ ತಳಿಗಳಿಗೆ ಗೆಡ್ಡೆ ಕಟ್ಟಲು ಸುಮಾರು 10ರಿಂದ 16 ಡಿಗ್ರಿ ತಂಪು ಬೇಕು. ನಮ್ಮದು ಸೆಕೆಯ ನಾಡು, ಮಳೆಯೂ ವಿಪರೀತ. 1822ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಬೀಜ ತರಿಸಿ ಉತ್ತರದ ಸಹಾರನ್‌ಪುರದ ಕಂಪನಿ ಬಾಗ್‌ನಲ್ಲಿ ಬಿತ್ತಿದರು ಎಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಅಲ್ಲಿನ ರೈತರು ಸೆಕೆ ತಾಳಿದ ಗಿಡಗಳ ಬೀಜವನ್ನೇ ವರ್ಷ ವರ್ಷ ಆರಿಸಿ ಉಳಿಸಿಕೊಂಡರು. ಹಾಗೆ 20 ಡಿಗ್ರಿ ದಾಟಿದರೂ ಗೆಡ್ಡೆ ಕಟ್ಟುವ ಭಾರತದ್ದೇ ತಳಿಗಳು ಹುಟ್ಟಿದವು. ನಮ್ಮ ಮೂರು ತಾಲೂಕುಗಳಿಗೆ ಮಾತ್ರ ಹೂಕೋಸು ಬಂದದ್ದು ಬೀಜವಾಗಿ ಅಲ್ಲ, ಲಾರಿಯ ಸರಕಾಗಿ. ಶಿರಾಡಿ ಘಾಟಿ, ಸಂಪಾಜೆ ಘಾಟಿ ಇಳಿದು ಬಂದದ್ದು.

ಆದ್ದರಿಂದ ಅಡುಗೆಮನೆ ಅದನ್ನು ಬಹುಕಾಲ ನೆಂಟನ ಹಾಗೆಯೇ ಕಂಡಿತು. ಶ್ರಾದ್ಧದ ಅಡುಗೆಗೆ ಇಂದಿಗೂ ಅನೇಕ ಮನೆಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ಉಡುಪಿ ಕೃಷ್ಣಮಠದ ಸಾಂಪ್ರದಾಯಿಕ ಅಡುಗೆಯಲ್ಲೂ ಕೋಸಿಗೆ ಜಾಗವಿಲ್ಲ.

ಹೂಕೋಸಿನ ಹಳೆಯ ಮರ್ಯಾದೆ ಇದ್ದದ್ದು ಅದರ ಬಿಳುಪಿನಲ್ಲಿ. ಬಿಸಿಲು ಬಿದ್ದರೆ ಗೆಡ್ಡೆ ಹಳದಿಯಾಗುತ್ತದೆಂದು ಬೆಳೆಗಾರರು ಹೊರಗಿನ ಎಲೆಗಳನ್ನೇ ಮಡಚಿ ಕಟ್ಟುತ್ತಾರೆ. 1861ರಲ್ಲಿ ಪುಸ್ತಕವಾಗಿ ಬಂದ ಇಸಬೆಲ್ಲಾ ಬೀಟನ್ ಅವರ ಪ್ರಸಿದ್ಧ ಇಂಗ್ಲಿಷ್ ಗೃಹಕೃತ್ಯದ ಗ್ರಂಥದಲ್ಲಿ ಇಡೀ ಹೂಕೋಸನ್ನು ಬೇಯಿಸಿ ಬಡಿಸುವ ಕ್ರಮವಿದೆ. ಹುಳ ಹೊರಬರಲು ಮೊದಲು ಉಪ್ಪುನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿಡಬೇಕು. ನಮ್ಮಲ್ಲೂ ಹೂಕೋಸು ತಂದ ತಕ್ಷಣ ಮಾಡುವ ಕೆಲಸ ಅದೇ, ಉಪ್ಪು ಹಾಕಿದ ಬಿಸಿನೀರು.

ಆ ಬಿಳುಪು ಕೆಂಪಾದದ್ದು ಬೀದಿಯಲ್ಲಿ. ಮುಂಬೈಯಲ್ಲಿ ನೆಲ್ಸನ್ ವಾಂಗ್ 1975ರಲ್ಲಿ ಕೋಳಿಯ ಮಂಚೂರಿ ಮಾಡಿದರೆಂಬುದು ಪ್ರಸಿದ್ಧ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿ ಆಯಿತು. ಈಗ ಏಪ್ರಿಲ್‌ನ ಪುತ್ತೂರು ಜಾತ್ರೆಯ ಗದ್ದೆಯಿಂದ ಸುಬ್ರಹ್ಮಣ್ಯದ ಷಷ್ಠಿಯವರೆಗೆ ಚುರುಮುರಿಯ ಪಕ್ಕದಲ್ಲೇ ಗೋಬಿ. ಕೆಂಪು ಹೆಚ್ಚಿದಷ್ಟೂ ರುಚಿ ಹೆಚ್ಚು ಎಂಬ ಭಾವನೆ ಮಕ್ಕಳಲ್ಲಿ ಬೆಳೆಯಿತು. 2024ರ ಮಾರ್ಚ್ 11ರಂದು ರಾಜ್ಯ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ನಿಷೇಧ ಬಣ್ಣಕ್ಕೆ, ಹೂಕೋಸಿಗಲ್ಲ. ಆದರೂ ಬಯ್ಗುಳ ತಿಂದದ್ದು ಹೂಕೋಸು.

ಅದರ ಹಳೆಯ ಮರ್ಯಾದೆಯನ್ನು ಮನೆಯಲ್ಲೇ ಮರಳಿಸಬಹುದು. ಇಂಗ್ಲಿಷರ ಹಿಟ್ಟು, ಬೆಣ್ಣೆ, ಹಾಲಿನ ಬಿಳಿ ಸಾರಿನ ಬದಲಿಗೆ ನಮ್ಮ ಕಾಯಿಹಾಲು ಸಾಕು.

ಅರ್ಧ ಕಿಲೋದ, ಒತ್ತಾಗಿ ಕಟ್ಟಿದ ಹೂಕೋಸು ಆರಿಸಿ. ದಂಟನ್ನು ಸಮವಾಗಿ ಕತ್ತರಿಸಿ, ಎಳೆಯ ಎಲೆ ಇರಲಿ. ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ತಲೆಕೆಳಗಾಗಿ ಇಡಿ. ಬಳಿಕ ಇಡ್ಲಿ ಬೇಯಿಸುವ ಪಾತ್ರೆಯಲ್ಲಿ ಇಡಿಯಾಗಿಯೇ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಿ. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಹೆಚ್ಚು ಬೆಂದರೆ ಗಂಧಕದ ವಾಸನೆ ಬಿಡುತ್ತದೆ, ಬಹಳ ಜನಕ್ಕೆ ಹೂಕೋಸು ಸೇರದಿರುವುದು ಅದಕ್ಕೇ.

ಒಂದು ತೆಂಗಿನಕಾಯಿಯ ದಪ್ಪ ಹಾಲು, ತೆಳು ಹಾಲು ಬೇರೆ ಬೇರೆ ತೆಗೆಯಿರಿ. ತೆಳು ಹಾಲಿಗೆ ಸೀಳಿದ ಹಸಿಮೆಣಸು, ಜಜ್ಜಿದ ಶುಂಠಿ, ಉಪ್ಪು, ಒಂದು ಚಮಚ ಅಕ್ಕಿಹಿಟ್ಟು ಹಾಕಿ ಕುದಿಸಿ. ದಪ್ಪ ಹಾಲು ಸೇರಿಸಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ. ಒಲೆಯಿಂದ ಇಳಿಸಿ ನಾಲ್ಕು ಹನಿ ಲಿಂಬೆ ಹಿಂಡಿ. ಹೂಕೋಸನ್ನು ಅಗಲ ತಟ್ಟೆಯಲ್ಲಿಟ್ಟು ಮೇಲಿಂದ ಸುರಿಯಿರಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೇವಿನಸೊಪ್ಪಿನ ಒಗ್ಗರಣೆ ಕೊಡಿ. ನಾಲ್ಕು ಮಂದಿಗೆ ಧಾರಾಳ.

ಕೇಕಿನ ಹಾಗೆ ತುಂಡು ಮಾಡಿ ಮೊದಲು ಮಕ್ಕಳಿಗೆ ಬಡಿಸಿ. ಗೋಬಿಯ ನಿಜವಾದ ಬಣ್ಣ ಬಿಳಿ ಎಂದು ಅವರಿಗೆ ಬಾಯಲ್ಲಿ ಹೇಳಬೇಕಾಗುವುದಿಲ್ಲ.