ಉಲ್ಲೇಖದಲ್ಲಿ ಉಳಿದ ಹೆಸರು

ಸಂಶೋಧನ ಪ್ರಬಂಧ ಬರೆಯುವ ನಮ್ಮ ಮಕ್ಕಳು ಇಂದು ಜೊಟೆರೋದಂತಹ ತಂತ್ರಾಂಶದಿಂದ ಕ್ಷಣಮಾತ್ರದಲ್ಲಿ ಗ್ರಂಥಋಣದ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಈ ಕಾರ್ಯವನ್ನು ಕೈಯಿಂದಲೇ ಮಾಡುತ್ತಿದ್ದ ಕಾಲದ ಒಂದು ಅಧ್ಯಾಯವು ನಾವು ನೆಲೆಸಿರುವ ನೆದರ್‌ಲ್ಯಾಂಡ್ಸಿನಲ್ಲಿಯೇ ನಡೆದಿದೆ.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಹಾರ್ಡರ್‌ವೈಕ್‌ನಲ್ಲಿ ವೈದ್ಯ ಪದವಿ ಪಡೆದರು. ಅದೂ ಕೆಲವೇ ದಿನಗಳಲ್ಲಿ! ಐದೂವರೆ ವರ್ಷ ಸವೆಸಿದ ನಮ್ಮಂಥವರಿಗೆ ಅಸೂಯೆಯಾದೀತು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವರ 'ಬಿಬ್ಲಿಯೋಥೆಕಾ ಬೊಟಾನಿಕಾ' ಅಚ್ಚಾಯಿತು. ಅದು ಸಸ್ಯಶಾಸ್ತ್ರದ ಗ್ರಂಥಗಳ ವರ್ಗೀಕೃತ ಸೂಚಿ. ಮುಂದೆ 1753ರ 'ಸ್ಪೀಶೀಸ್ ಪ್ಲಾಂಟಾರಮ್'ನಲ್ಲಿ ಅವರು 'ರೇಡ್. ಮಲ್.' ಎಂದು ಬರೆದು, ಸಂಪುಟ, ಪುಟ, ಚಿತ್ರಗಳ ಅಂಕಿಗಳನ್ನಷ್ಟೇ ಕೊಟ್ಟರು. ಮಲಬಾರಿನ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೇಡೆ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದ 'ಹೋರ್ಟುಸ್ ಮಲಬಾರಿಕುಸ್' ಗ್ರಂಥದ ಸಂಕ್ಷಿಪ್ತ ರೂಪವದು.

ಓದುಗನನ್ನು ನೇರವಾಗಿ ಚಿತ್ರದ ಬಳಿಗೇ ಕರೆದೊಯ್ಯುವ ಈ ಕ್ರಮ ಜಾಣ್ಮೆಯದೇ ಸರಿ. ಆದರೆ ಆ ಗ್ರಂಥದ ಮೊದಲ ಸಂಪುಟದಲ್ಲಿ ಬೇರೆ ಹೆಸರುಗಳೂ ಅಚ್ಚಾಗಿವೆ: ವೈದ್ಯ ಇಟ್ಟಿ ಅಚ್ಯುತನ್, ಮತ್ತು 1675ರಲ್ಲಿ, ನಮ್ಮ ಕರಾವಳಿಯದೂ ಆದ ಕೊಂಕಣಿ ಭಾಷೆಯಲ್ಲಿ, ನಾಗರಿ ಲಿಪಿಯಲ್ಲಿ ಪ್ರಮಾಣಪತ್ರ ಬರೆದುಕೊಟ್ಟ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ಗಿಡಗಳ ಹೆಸರು, ಔಷಧಗುಣಗಳನ್ನು ತಿಳಿಸಿದವರು ಇವರು. 'ರೇಡ್. ಮಲ್.' ಎಂಬಲ್ಲಿ ಇವರಾರೂ ಇಲ್ಲ.

ಜೊಟೆರೋ ಕೂಡ ನಾವು ತುಂಬಿದ್ದನ್ನಷ್ಟೇ ಜೋಡಿಸುತ್ತದೆ. ಅದರಲ್ಲಿ ಲೇಖಕರಲ್ಲದೆ ಸಹಯೋಗಿಗಳನ್ನು ನಮೂದಿಸಲೂ ಸ್ಥಳವಿದೆ; ಆದರೆ ಬಹುತೇಕ ಉಲ್ಲೇಖ ಶೈಲಿಗಳು ಆ ಹೆಸರುಗಳನ್ನು ಪಟ್ಟಿಗೆ ತರುವುದಿಲ್ಲ. ಆದುದರಿಂದ ಅಂಥವರನ್ನು ಪ್ರಬಂಧದ ವಾಕ್ಯದಲ್ಲಿಯೇ ಹೆಸರಿಸಿರೆಂದು ನಮ್ಮ ಮಕ್ಕಳಿಗೆ ಹೇಳುತ್ತಿದ್ದೇವೆ.